ಗೆಂದಿ ಅತ್ತೆಯ ನಾಲ್ಕನೇ ತಿರುವು

ದೋಣಿಯಲ್ಲಿ ಪ್ರವಾಸಿಗರು ಒಬ್ಬರೂ ಇಲ್ಲದಿರುವಾಗ ಗೆಂದಿ ಅತ್ತೆ ಪದ್ಯ ಹೇಳುವುದೇಕೆ?

ಆ ಶರತ್ಕಾಲದಲ್ಲಿ ತಲೆಗೆ ಹೊಕ್ಕ ಈ ಪ್ರಶ್ನೆ ಎಷ್ಟು ಕೊಡವಿದರೂ ಉದುರಲಿಲ್ಲ. ಅಕ್ಕಿ ತೊಳೆಯುವಾಗ, ಕೂಸಿಗೆ ಹಾಲು ಕುಡಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ ಅದೇ ಪ್ರಶ್ನೆ. ನಮ್ಮ ಮನೆಯವರನ್ನು ಕೇಳಿದರೆ, “ನಿನಗೆ ಚಿಂತೆ ಮಾಡೋಕೆ ಏನೂ ಸಿಗಲಿಲ್ಲ ಅಂದ್ರೆ ಚಿಂತೆ ಯಾಕೆ ಸಿಗಲಿಲ್ಲ ಅಂತ ಚಿಂತೆ ಮಾಡ್ತೀಯ” ಎನ್ನುತ್ತಾರೆ. ಇರಬಹುದು. ಆದರೆ ಆ ದೋಣಿಯಲ್ಲಿ ದಿನಾ ಬೆಳಿಗ್ಗೆ ಹೋಗುತ್ತಿದ್ದುದು ನನ್ನ ಮಗಳು.

ನಮ್ಮ ಚೀವಾನ್ ಊರಿನಲ್ಲಿ ಮನೆಗಳು ನೀರಿನ ನಡುವಿನ ದಿಬ್ಬಗಳ ಮೇಲಿವೆ. ಒಂದು ದಿಬ್ಬದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೀರೇ ದಾರಿ. ಹೊಳೆ ಇಲ್ಲಿಗೆ ಬಂದ ಮೇಲೆ ಏನೋ ಮರೆತವರಂತೆ ಏಳು ಸಲ ತಿರುಗಿ ತಿರುಗಿ ನೋಡಿ, ಆಮೇಲೆ ಕೆಳಗಿನ ಊರಿಗೆ ಹೊರಡುತ್ತದೆ. ಶಿಶುವಿಹಾರ ಇರುವುದು ಏಳನೇ ತಿರುವಿನಾಚೆ, ದೋಣಿಕಟ್ಟೆಯ ಪಕ್ಕದಲ್ಲಿ. ಏರಿಯ ಮೇಲೆ ಬಸ್ಸು ಉಂಟು, ಬಂದರೆ ಬಂತು. ಕಂಕುಳಲ್ಲಿ ನಾಲ್ಕು ತಿಂಗಳ ಗಂಡುಕೂಸು ಇಟ್ಟುಕೊಂಡು ಆ ಬಸ್ಸಿಗೆ ಕಾಯುವುದು ಆಗದ ಮಾತೆಂದು, ಐದು ವರ್ಷದ ಯಾನ್‌ಯಾನ್‌ಳನ್ನು ಅತ್ತೆಯೇ ಕೆಲಸಕ್ಕೆ ಹೋಗುವಾಗ ತಮ್ಮ ದೋಣಿಯಲ್ಲಿ ಬಿಟ್ಟು ಬರುತ್ತಿದ್ದರು. ಹೊಳೆಗೆ ಒಂದು ಚಾಳಿಯಿದೆ. ಮೂರು ತಿರುವು ದೂರ ಹೋಗಿ, ನಾಲ್ಕನೆಯದಕ್ಕೆ ಮತ್ತೆ ನಮ್ಮ ಮನೆಯ ಹಿಂದಿನ ಏರಿಯ ಪಕ್ಕಕ್ಕೇ ಬರುತ್ತದೆ. ಹೀಗಾಗಿ ಅತ್ತೆಯ ದನಿ ನನಗೆ ಎರಡು ಸಲ ಕೇಳುತ್ತಿತ್ತು, ಮೆಟ್ಟಿಲಿಂದ ಹೊರಟಾಗೊಮ್ಮೆ, ಒಲೆಯ ಮೇಲೆ ಗಂಜಿ ಕುದಿ ಬರುವ ಹೊತ್ತಿಗೆ ಹಿತ್ತಿಲ ಕಡೆಯಿಂದ ಇನ್ನೊಮ್ಮೆ. ಆ ಎರಡನೇ ಸಲ ಕೇಳಿಸುವ ತನಕ ನಾನು ಕೂರುತ್ತಿರಲಿಲ್ಲ.

ಗೆಂದಿ ಅತ್ತೆ ನನ್ನ ಗಂಡ ಗುವಾನ್‌ಲಿನ್‌ನ ಸೋದರತ್ತೆ. ಜೊಂಡು ಕೊಯ್ಯುವವರ ಮನೆಯಲ್ಲಿ ಹುಟ್ಟಿದವರು. ಮದುವೆಯಲ್ಲಿ ತವರಿನಿಂದ ಬಂದದ್ದು ಒಂದು ದೋಣಿ, ಒಂದು ಹತ್ತಿಯ ರಜಾಯಿ. ಗಂಡ ಎದೆಯ ಕಾಯಿಲೆಯಲ್ಲಿ ಬೇಗ ಹೋದರು, ಮಕ್ಕಳಾಗಿರಲಿಲ್ಲ. ಅದೇ ವರ್ಷ ತಮ್ಮನ ಹೆಂಡತಿ, ಅಂದರೆ ಗುವಾನ್‌ಲಿನ್‌ನ ತಾಯಿಯೂ ತೀರಿಕೊಂಡು, ತಮ್ಮ ಇನ್ನೊಂದು ಮದುವೆಯಾಗಿ ದೂರದ ಊರಿಗೆ ಹೊರಟಾಗ, ತೆವಳುತ್ತಿದ್ದ ಗುವಾನ್‌ಲಿನ್‌ನನ್ನು ಈಕೆ ಇಸಿದುಕೊಂಡರು. ಅವನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ತಮ್ಮ ಕಾಲಿಗೆ ಸುತ್ತಿಕೊಂಡು ಜೊಂಡು ಕೊಯ್ದರಂತೆ. ಅವನು ನೀರಿಗೆ ಬಿದ್ದರೆ ಬುರುಡೆ ತೇಲಬೇಕು, ಹಗ್ಗ ಜಗ್ಗಬೇಕು. “ದಿನಕ್ಕೊಂದ್ಸಲ ಬೀಳ್ತಿದ್ದ. ಮೀನು ಎಳೆದ ಹಾಗೆ ಎಳೀತಿದ್ದೆ. ಮೀನಾಗಿದ್ರೆ ಮಾರ್ಬೋದಿತ್ತು” ಎನ್ನುತ್ತಿದ್ದರು.

ಜೌಗನ್ನೆಲ್ಲ ಸರ್ಕಾರ ಉದ್ಯಾನ ಮಾಡಿ, ನಗರದವರು ಜೊಂಡಿನ ಬಿಳಿಹೂವು ನೋಡಲು ಬರತೊಡಗಿದಾಗ, ಜೊಂಡು ಕೊಯ್ಯುತ್ತಿದ್ದವರಲ್ಲಿ ಕೆಲವರನ್ನು ದೋಣಿಕಟ್ಟೆಯವರು ದೋಣಿ ನಡೆಸಲು ತೆಗೆದುಕೊಂಡರು. ಅತ್ತೆಗೆ ನೀಲಿ ಅಂಗಿ, ಬಿದಿರ ಟೋಪಿ ಸಿಕ್ಕಿತು. ಹಿಂಬದಿಯಲ್ಲಿ ನಿಂತು ಒಂದೇ ಉದ್ದನೆಯ ಹುಟ್ಟನ್ನು ಮೀನಿನ ಬಾಲದಂತೆ ಆಡಿಸುತ್ತಾ ಅವರು ಹೇಳುತ್ತಿದ್ದ ಪದ್ಯದ ಕತೆ ಇಷ್ಟು. ಅರಸರ ಕಾಲದಲ್ಲಿ ಒಬ್ಬ ದೊಡ್ಡ ಅಧಿಕಾರಿ ರಾಜಧಾನಿಯ ಸಹವಾಸ ಸಾಕಾಗಿ ಇಲ್ಲಿಗೆ ಬಂದು ಗುಡಿಸಲು ಕಟ್ಟಿಕೊಂಡ. ಏಳು ತಿರುವಿಗೆ ಏಳು ಸಾಲು ಬರೆದು ಕಲ್ಲಿನಲ್ಲಿ ಕೊರೆಸಿದ. ಅಂಥವರು ಈ ಜೌಗಿಗೆ ಎಷ್ಟೋ ಜನ ಬಂದು ಹೋಗಿದ್ದಾರೆ, ದಿಬ್ಬಕ್ಕೊಂದು ಕವಿಯ ಮಂಟಪವಿದೆ. ಆದರೆ ದೋಣಿಯವರು ಬಾಯಿಪಾಠ ಮಾಡಿಕೊಂಡದ್ದು ಇದೊಂದನ್ನೇ, ಇದು ದಾರಿ ಹೇಳುತ್ತದೆ ಎಂದು.

*ಒಂದನೇ ತಿರುವು, ಬಾತುಗಳ ನಿದ್ದೆ ಕೆಡಿಸದೆ ಸಾಗು;*
*ಎರಡನೇ ತಿರುವು, ಕುಂಟುಸೇತುವೆಗೆ ತಲೆಬಾಗು;*
*ಮೂರನೇ ತಿರುವು, ಕುಂಚ ತೊಳೆದ ನೀರಿನ್ನೂ ಕಪ್ಪು;*
*ನಾಲ್ಕನೇ ತಿರುವು, ಬಲಕ್ಕೆ ಬಾಗು, ಎಡಕ್ಕೆ ತಪ್ಪು.*

ಹೀಗೇ ಏಳರ ತನಕ. ಅತ್ತೆಗೆ ಓದು ಬಾರದು. ಆದರೂ ನಗರದ ಮೇಷ್ಟರುಗಳು ಆ ಪದ್ಯವನ್ನು ಅವರ ಬಾಯಲ್ಲಿ ಕೇಳಿ ಫೋನಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು.

ತಿರುವು ತಿರುವಿಗೂ ಹಳೆಯ ಕಾಲದ ಒಂದೊಂದು ಪರ್ಸಿಮನ್ ಮರವಿದೆ. ಶರತ್ಕಾಲದಲ್ಲಿ ಎಲೆಯೆಲ್ಲ ಉದುರಿ, ಕರೀ ಕೊಂಬೆಗಳಲ್ಲಿ ಹಣ್ಣು ಮಾತ್ರ ಕೆಂಡದಂತೆ ಉಳಿಯುತ್ತದೆ. ಆ ವರ್ಷ ಅತ್ತೆ ಆ ಮರಗಳಿಗೆ ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಒಬ್ಬ ಪ್ರವಾಸಿ ಹುಡುಗ ದೋಣಿಯಿಂದ ಎದ್ದು, “ಅಜ್ಜೀ, ಒಂದೇ ಒಂದು ಕಿತ್ಕೊಳ್ಲಾ?” ಎಂದು ಕೇಳಿದ್ದಕ್ಕೆ, “ಕಿತ್ಕೊ ಮಗಾ. ನಾನು ನಿನ್ನ ಕಿವಿ ಕಿತ್ಕೋತೀನಿ. ಎರಡೂ ಒಂದೇ ಬಣ್ಣ” ಎಂದರಂತೆ. ಮೇಲಿನ ಕೊಂಬೆಯ ಹಣ್ಣು ಹಕ್ಕಿಗಳಿಗೆ ಬಿಡುವುದು ಇಲ್ಲಿಯ ರೂಢಿಯೇ. ಆದರೆ ಅತ್ತೆ ಕೆಳಗಿನ ಕೊಂಬೆಯದನ್ನೂ ಕೀಳಗೊಡುತ್ತಿರಲಿಲ್ಲ. ಎಷ್ಟು ದಯೆಯ ಮುದುಕಿ ಎಂದು ಎಲ್ಲರೂ ಹೊಗಳಿದರು. ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ಮೊದಲು ಕಣ್ಣಿಗೆ ಬಿದ್ದದ್ದು ಚಹಾ. ಬಟ್ಟಲಿಗೆ ಸುರಿಯುವಾಗ ಅತ್ತೆ ತೋರುಬೆರಳನ್ನು ಬಟ್ಟಲ ಅಂಚಿನೊಳಗೆ ಇಡುತ್ತಿದ್ದರು. ಬಿಸಿ ತಾಗಿದ ಕೂಡಲೇ ಸುರಿಯುವುದು ನಿಲ್ಲುತ್ತಿತ್ತು. ಆಮೇಲೊಂದು ದಿನ ತಂತಿಯ ಮೇಲೆ ಒಣಗಲು ಹಾಕಿದ್ದ ನನ್ನ ಕೋಟಿಗೆ, “ಏನೇ ವೆನ್‌ಯಿನ್, ಗಾಳೀಲಿ ನಿಂತ್ಕೊಂಡು ಏನು ಯೋಚ್ನೆ? ಒಳಗೆ ಹೋಗು, ಬಾಣಂತಿ ಮೈ” ಎಂದು ಬೈದು ಹೋದರು. ನಾನು ಅವರ ಬೆನ್ನ ಹಿಂದೆ ಬಾಗಿಲಲ್ಲೇ ನಿಂತಿದ್ದೆ. ನಗು ಬಂತು. ನಕ್ಕ ಮೇಲೆ ಹೋಗಿ ಕೋಟನ್ನು ತಂತಿಯಿಂದ ತೆಗೆದು ಒಳಗೆ ತಂದೆ.

ಮೂರನೆಯದು ಮೀನಿನ ಮುಳ್ಳು. ನಮ್ಮ ಕೆರೆಮೀನಿನಲ್ಲಿ ಕೂದಲೆಳೆಯ ಮುಳ್ಳುಗಳು. ಗುವಾನ್‌ಲಿನ್‌ಗೆ ಹತ್ತು ವರ್ಷವಾಗುವ ತನಕ ಅತ್ತೆಯೇ ಮುಳ್ಳು ಬಿಡಿಸಿ ಉಣಿಸಿದ್ದರು, ಯಾನ್‌ಯಾನ್‌ಗೂ ಅವರೇ. ಅವತ್ತು ಊಟದ ನಡುವೆ ಮಗು ಕೆಮ್ಮತೊಡಗಿತು, ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ನಾನು ಬಾಯೊಳಗೆ ಬೆರಳು ಹಾಕಿ ಎಳೆದರೆ ಇಷ್ಟುದ್ದದ ಮುಳ್ಳು. ಅದನ್ನು ಮೇಜಿನ ಮೇಲಿಟ್ಟೆ. ಅತ್ತೆ ಊಟದ ಕಡ್ಡಿಗಳನ್ನು ಕೆಳಗಿಟ್ಟರು.

“ಈಗಿನ ಮೀನಿಗೇ ಮುಳ್ಳು ಜಾಸ್ತಿ ಬಿಡು” ಎಂದರು. ಹಾಗೆನ್ನುವಾಗ ಅವರು ನೋಡುತ್ತಿದ್ದದ್ದು ಮುಳ್ಳಿದ್ದ ಕಡೆಗಲ್ಲ.

ಮಾರನೆಯ ದಿನ ಮಗಳಿಗೆ ಸ್ನಾನ ಮಾಡಿಸುತ್ತಾ ಏನೂ ಆಗದವಳಂತೆ ಕೇಳಿದೆ, “ದೋಣೀಲಿ ಅಜ್ಜಿ ಜೊತೆ ಏನು ಮಾತಾಡ್ತೀಯ ಕಂದಾ?”

“ಮಾತಾಡಲ್ಲ. ಆಟ ಆಡ್ತೀವಿ.”

“ಏನಾಟ?”

“ಕೆಂಪಾಟ. ಯಾರಿಗೆ ಮೊದ್ಲು ಕೆಂಪು ಕಾಣುತ್ತೋ ಅವ್ರು ‘ಕೆಂಪೂ’ ಅಂತ ಕೂಗ್ಬೇಕು. ಆಮೇಲೆ ಯಾವ ಕೈ ಕಡೆ ಅಂತ ಕೈ ಎತ್ತಬೇಕು. ಆಮೇಲೆ ಅಜ್ಜಿ ದೋಣಿ ತಿರುಗಿಸ್ತಾಳೆ.”

“ಯಾರು ಗೆಲ್ತೀರಿ?”

ಸೋಪಿನ ನೊರೆಯ ನಡುವೆ ಅವಳ ಮುಖ ಹೆಮ್ಮೆಯಿಂದ ಅರಳಿತು. “ನಾನೇ ಅಮ್ಮಾ. ದಿನಾ ನಾನೇ. ಅಜ್ಜಿ ಒಂದ್ಸಲಾನೂ ಗೆದ್ದಿಲ್ಲ.”

ಅವಳ ಮೈಯ ನೊರೆ ತೊಳೆದು, ಬಟ್ಟೆ ತೊಡಿಸಿ, ಫೋನು ಕೈಗೆತ್ತಿಕೊಂಡೆ.

ಗುವಾನ್‌ಲಿನ್ ಕಾಲುವೆಯಲ್ಲಿ ಮರಳು ಸಾಗಿಸುವ ದೊಡ್ಡ ನಾವೆಯಲ್ಲಿ ಕೆಲಸ ಮಾಡುತ್ತಾರೆ. ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಫೋನು ಮಾಡಿದರೆ ಹಿಂದಿನಿಂದ ಎಂಜಿನ್ನಿನ ಗುಡುಗು. ಎಲ್ಲವನ್ನೂ ಹೇಳಿದೆ.

“ಅತ್ತೆಗೆ ಆ ನೀರು ಕಣ್ಣು ಮುಚ್ಚಿದ್ರೂ ಗೊತ್ತು ಕಣೇ” ಎಂದರು.

“ಕಣ್ಣು ಮುಚ್ಚೋದು ಬೇರೆ, ಕಾಣದೇ ಇರೋದು ಬೇರೆ. ದೋಣೀಲಿ ನಮ್ಮ ಮಗು ಇದೆ ರೀ.”

“ನಾನೂ ಆ ದೋಣೀಲೇ ಬೆಳೆದದ್ದು. ಸತ್ತೆನಾ?” ಎಂದವರು ದನಿ ತಗ್ಗಿಸಿದರು. “ವೆನ್‌ಯಿನ್, ಒಂದು ಮಾತು. ದೋಣಿಕಟ್ಟೆಯವ್ರಿಗೆ ಮಾತ್ರ ಹೇಳ್ಬೇಡ. ಹೇಳಿದ ದಿನವೇ ದೋಣಿ ಕಿತ್ಕೋತಾರೆ. ಅವಳನ್ನ ಮೂಲೇಲಿ ಕುರ್ಚಿ ಹಾಕಿ ಕೂರಿಸಿದ್ರೆ ಒಂದು ಚಳಿಗಾಲ ದಾಟಲ್ಲ. ನಾನು ಹೊಸ ವರ್ಷಕ್ಕೆ ಬರ್ತೀನಲ್ಲ, ಆಗ ಕೂತು ಮಾತಾಡೋಣ.”

ಹೊಸ ವರ್ಷಕ್ಕೆ ಇನ್ನೂ ಒಂದು ಋತು ಬಾಕಿ. ದೋಣಿಕಟ್ಟೆಯ ಮುಖ್ಯಸ್ಥ ರುವಾನ್ ಅವರ ನಂಬರು ನನ್ನ ಫೋನಿನಲ್ಲಿತ್ತು. ಅವತ್ತು ಅದನ್ನು ತೆರೆದು ನೋಡಿ ಮುಚ್ಚಿದೆ. ಮರುದಿನವೂ ತೆರೆದೆ, ಮುಚ್ಚಿದೆ.

ಆ ವಾರ ಇನ್ನೊಂದು ಶುರುವಾಯಿತು. ಚಳಿಗೆ ಮುಂಚೆ ಮೀನಿನ ಹೊಂಡಗಳ ನೀರು ಇಳಿಸಿ ಕೆಸರು ಎತ್ತಬೇಕೆಂದು, ನಾಲ್ಕನೇ ತಿರುವಿನ ಎಡಗಾಲುವೆಯ ತುದಿಯಲ್ಲಿರುವ ತೂಬನ್ನು ಬೆಳಿಗ್ಗೆ ಬೆಳಿಗ್ಗೆ ಎತ್ತತೊಡಗಿದರು. ಪ್ರತಿ ವರ್ಷವೂ ದೋಣಿಕಟ್ಟೆಯ ಕಚೇರಿಯಿಂದಲೇ ಗುಂಡಿ ಒತ್ತಿ ಎತ್ತುತ್ತಾರೆ. ಹೊಳೆಯ ನೀರೆಲ್ಲ ಆ ಬಾಯಿಗೆ ಬಾಗಿ, ತೂಬಿನ ಕೆಳಗೆ ನುಗ್ಗಿ, ಆಚೆ ಬಂಡೆಗಳ ಮೇಲೆ ಬೀಳುತ್ತದೆ. ಯಾರೋ ನೆಲದಡಿಯಲ್ಲಿ ಮಲಗಿ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿರುವಂಥ ಸದ್ದು. ಆ ಕಾಲುವೆಗೆ ದೋಣಿ ಹೋಗದಂತೆ ಬಿದಿರಿನ ತಡಿಕೆ ಅಡ್ಡ ಹಾಕಿರುತ್ತಾರೆ. ಒಂದು ಸಂಜೆ ಏರಿಯಲ್ಲಿ ನಡೆಯುವಾಗ ಆ ತಡಿಕೆಗೆ ಒಂದು ಸತ್ತ ಬೆಳ್ಳಕ್ಕಿ ಒತ್ತಿಕೊಂಡು ನಿಂತಿತ್ತು. ನೀರು ಎಳೆಯುತ್ತಿತ್ತು, ತಡಿಕೆ ಬಿಡುತ್ತಿರಲಿಲ್ಲ. ಅದರ ಕತ್ತು ಮಾತ್ರ ಆಚೆಗೆ ದಾಟಿ ಹೌದು ಹೌದು ಎನ್ನುವಂತೆ ಅಲ್ಲಾಡುತ್ತಿತ್ತು.

ಮನೆಗೆ ಬಂದರೆ ಅತ್ತೆ ಸೂರಿನ ಕೆಳಗೆ ಕೂತು ನೀರಿನಲ್ಲಿ ಬೆಳೆಯುವ ಶಿಂಗಾಡೆಕಾಯಿ ಸುಲಿಯುತ್ತಿದ್ದರು. ಎದುರು ಹೋಗಿ ಕೂತೆ.

“ಅತ್ತೆ, ನಿಮಗೆ ಎಷ್ಟು ಕಾಣುತ್ತೆ?”

ಚಾಕು ನಿಲ್ಲಲಿಲ್ಲ. “ನಿನ್ನ ಮುಖದಲ್ಲಿ ನೋಡೋಕೆ ಅಂಥದ್ದೇನಿದೆ? ಅವತ್ತು ಮದ್ವೇಲಿ ನೋಡಿದ್ನಲ್ಲ.”

“ತಮಾಷೆ ಬೇಡ ಅತ್ತೆ.”

“ತಮಾಷೆ ಬಿಟ್ರೆ ಇನ್ನೇನುಳೀತದೆ ನನ್ನ ಹತ್ರ?” ಎಂದು ಒಂದು ಕಾಯಿ ಸುಲಿದು, ನನ್ನ ಕೈಯನ್ನು ತಡಕಿ, ಅಂಗೈಯಲ್ಲಿಟ್ಟರು. “ತಿನ್ನು. ಹಾಲು ಚೆನ್ನಾಗಿ ಬರ್ತದೆ.”

ತಿನ್ನದೆ ಅದನ್ನು ಅವರ ಮುಂದೆಯೇ ಇಟ್ಟೆ. ಆಗ ಅವರೇ ಶುರು ಮಾಡಿದರು.

“ನಡುವೆ ಹೊಗೆ ಕಣೇ. ಯಾರ ಮುಖ ನೋಡಿದ್ರೂ ಮುಖ ಇರೋ ಜಾಗದಲ್ಲಿ ಹೊಗೆ. ಅಂಚಿನಲ್ಲಿ ಒಂದಿಷ್ಟು ಮಸುಕು ಮಸುಕಾಗಿ ಇದೆ. ಕೆಂಪು ಮಾತ್ರ ಈಗಲೂ ಕಾಣ್ತದೆ. ಹಣ್ಣಾದ ಮೇಲೆ ನಾನು ರಾಣಿ, ಗೊತ್ತಾ? ಬೇಸಿಗೇಲಿ ಎಲ್ಲಾ ಹಸಿರೇ ಹಸಿರು, ಆಗ ಸತ್ತುಹೋಗ್ತೀನಿ. ಆಗ ಪದ್ಯ ಹೇಳ್ಕೊಂಡು, ಒಂದೊಂದು ಸಾಲಿಗೆ ಎಷ್ಟು ಸಲ ಹುಟ್ಟು ಹಾಕ್ಬೇಕು ಅಂತ ಮೈಗೆ ಕಲಿಸಿದ್ದೀನಲ್ಲ, ಹಾಗೇ ಹೋಗ್ತೀನಿ.”

“ಡಾಕ್ಟರಿಗೆ ತೋರಿಸೋಣ. ನಾಳೇನೇ ಹೋಗೋಣ.”

“ವಸಂತದಲ್ಲೇ ಹೋಗಿದ್ದೆ, ಪೇಟೆಗೆ ಉಪ್ಪು ತರ್ತೀನಿ ಅಂತ ನಿಂಗೆ ಹೇಳಿ. ಹೋದ ಕಣ್ಣು ತಿರುಗಿ ಬರಲ್ಲ ಅಂದ. ಚಿಕ್ಕ ಹುಡುಗ, ಒಳ್ಳೆಯವನು. ನನಗಿಂತ ಅವನಿಗೇ ಅಳು ಬರೋ ಹಾಗಿತ್ತು.”

“ದೋಣಿಕಟ್ಟೇಲಿ ಪ್ರತಿ ವರ್ಷ ಕಣ್ಣು ಪರೀಕ್ಷೆ ಮಾಡ್ತಾರಲ್ಲ?”

ಅದಕ್ಕೆ ಅವರು ಹುಡುಗಿಯ ಹಾಗೆ ನಕ್ಕರು. “ಗೋಡೆ ಮೇಲೆ ಬಾಚಣಿಗೆ ಥರದ ಗುರುತು, ಹಲ್ಲು ಯಾವ ಕಡೆಗಿದೆ ಹೇಳ್ಬೇಕು. ನನ್ನ ಮುಂದೆ ನಿಂತಿದ್ದ ನಾಲ್ಕು ಜನ ಜೋರಾಗಿ ಹೇಳಿದ್ರು. ಏಳು ಸಾಲಿನ ಪದ್ಯ ಬಾಯಿಗೆ ಬಂದವಳಿಗೆ ಮೇಲೆ ಕೆಳಗೆ ಎಡ ಬಲ ಬಾರದಾ? ‘ಗೆಂದಕ್ಕನ ಕಣ್ಣು ಹದ್ದಿನ ಕಣ್ಣು’ ಅಂತ ಆ ರುವಾನೇ ಚಪ್ಪಾಳೆ ತಟ್ಟಿದ.”

ನನಗೆ ನಗು ಬರಲಿಲ್ಲ. “ಯಾನ್‌ಯಾನ್ ಇನ್ನು ದೋಣೀಲಿ ಬರಲ್ಲ ಅತ್ತೆ” ಎಂದೆ.

ಚಾಕು ಆಗ ನಿಂತಿತು. ಹೊಂಡದ ಕಡೆ ಬಾತುಗಳು ಜಗಳವಾಡಿ ಸುಮ್ಮನಾದವು.

“ಸರಿ. ನಿನ್ನ ಮಗು. ಸರಿ. ಆದ್ರೆ ಹಣ್ಣು ಉದುರೋ ತನಕ ನನ್ನ ಬಿಟ್ಟುಬಿಡು. ಯಾರಿಗೂ ಹೇಳ್ಬೇಡ. ಹಣ್ಣು ಉದುರಿದ ಮೇಲೆ ನಾನೇ ಹೋಗಿ ಹುಟ್ಟನ್ನ ರುವಾನನ ಮೇಜಿನ ಮೇಲಿಡ್ತೀನಿ. ನಾನಾಗಿ ಇಡ್ಬೇಕು ವೆನ್‌ಯಿನ್. ಕೈಯಿಂದ ಕಿತ್ಕೊಂಡ್ರು ಅನ್ನೋ ಹಾಗಾಗಬಾರದು.”

ಹೂಂ ಎಂದೆ. ದೋಣಿಯಲ್ಲಿ ಬೇರೆಯವರ ಮಕ್ಕಳೂ ಕೂರುತ್ತಾರೆ ಎಂಬುದು ಹೂಂ ಎಂದ ಮೇಲೆ ಹೊಳೆಯಿತು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೆಲವು ದಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮಗಳ ಕೈ ಹಿಡಿದು ಬಸ್ಸಿಗೆ ಕಾದೆ. ಏರಿಯ ಮೇಲೆ ಗಾಳಿ ಕೊಯ್ಯುತ್ತಿತ್ತು. ಅತ್ತೆ ಬೆಳಿಗ್ಗೆ ಒಬ್ಬರೇ ಹೊರಡುವಾಗ ಪದ್ಯದ ದನಿ ಮೊದಲಿಗಿಂತ ಜೋರಾಗಿತ್ತು. ಯಾನ್‌ಯಾನ್ ನನ್ನ ಮೇಲೆ ಮುನಿಸಿಕೊಂಡಳು. “ಅಜ್ಜಿಗೆ ನಾನಿಲ್ದೆ ಆಟ ಬೋರಾಗುತ್ತೆ” ಎಂದಳು. ಆಟವಲ್ಲ ಅದು ಎಂದು ಐದು ವರ್ಷದವಳಿಗೆ ಹೇಗೆ ಹೇಳುವುದು?

ದೋಣಿಕಟ್ಟೆಯವರು ವರ್ಷಕ್ಕೊಮ್ಮೆ ನಡೆಸುವ ಜೊಂಡುಹೂವಿನ ಕಾವ್ಯೋತ್ಸವದ ಹಿಂದಿನ ದಿನ ಕೂಸಿಗೆ ಜ್ವರ ಬಂತು. ಮೈ ಹೆಂಚಿನಂತೆ ಕಾದಿತ್ತು. ಇಡೀ ದಿನ ಒದ್ದೆ ಬಟ್ಟೆ ಹಾಕುತ್ತಾ ಕೂತವಳು ಕಿಟಕಿಯಾಚೆ ಏನು ನಡೆಯುತ್ತಿದೆಯೆಂದು ನೋಡಲಿಲ್ಲ. ಸಂಜೆ ಹೊಳೆಯ ಕಡೆ ಹೊರಗಿನ ಹುಡುಗರ ಕೂಗಾಟ, ಏಣಿಯ ಸದ್ದು, ಮರಕ್ಕೆ ಮೊಳೆ ಹೊಡೆಯುವ ಸದ್ದು ಕೇಳಿದ್ದು ನಿಜ. ಉತ್ಸವಕ್ಕೆ ಏನೋ ಕಟ್ಟುತ್ತಿದ್ದಾರೆ ಅಂದುಕೊಂಡೆ.

ಬೆಳಗಾದಾಗ ಮಂಜು ಅಂಗಳವನ್ನೇ ನುಂಗಿತ್ತು. ಶಿಶುವಿಹಾರದ ಮಕ್ಕಳು ಅವತ್ತು ದೋಣಿಕಟ್ಟೆಯಲ್ಲಿ ನಿಂತು ಏಳು ತಿರುವಿನ ಪದ್ಯ ಒಪ್ಪಿಸುವುದಿತ್ತು. ಯಾನ್‌ಯಾನ್‌ಗೆ ಐದನೇ ಸಾಲು. ಕೆಂಪು ಜಾಕೀಟು ಹಾಕಿಕೊಂಡು, ಜಡೆಗೆ ರಿಬ್ಬನ್ನು ಕಟ್ಟಿಸಿಕೊಂಡು ಬಾಗಿಲಲ್ಲಿ ನಿಂತವಳು, ಬಸ್ಸಿಗೆ ಕರೆದೊಯ್ಯಲು ಆಗುವುದಿಲ್ಲ, ತಮ್ಮನಿಗೆ ಜ್ವರ ಎಂದು ಕೇಳಿ ಹೊಸ್ತಿಲ ಮೇಲೆ ಕೂತು ಬಿಕ್ಕತೊಡಗಿದಳು. ಐದನೇ ಸಾಲು ಹೇಳುವವರು ಯಾರು, ಐದನೇ ಸಾಲು ಇಲ್ಲದೆ ಪದ್ಯ ಮುಂದೆ ಹೋಗುವುದು ಹೇಗೆ ಎಂದು ಅವಳ ಅಳು.

ಅತ್ತೆ ಟೋಪಿ ಕಟ್ಟಿಕೊಳ್ಳುತ್ತಾ ಸ್ವಲ್ಪ ದೂರದಲ್ಲೇ ನಿಂತಿದ್ದರು. “ನಾನು ಕೇಳಲ್ಲ. ನೀನೇ ಹೇಳಿದ್ರೆ ಕರ್ಕೊಂಡು ಹೋಗ್ತೀನಿ” ಎಂದರು. ಆಮೇಲೆ ಮೆಲ್ಲಗೆ, “ನಾಲ್ಕನೇ ತಿರುವಿನ ಮರದಲ್ಲಿ ಹಣ್ಣು ಇನ್ನೂ ಗಟ್ಟಿಯಾಗಿ ಕೂತಿದೆ ಕಣೇ. ನಿನ್ನೆ ಮಧ್ಯಾಹ್ನ ನೋಡ್ಕೊಂಡು ಬಂದಿದ್ದೀನಿ.”

ಒಳಗೆ ಕೂಸು ಚೀರಿತು. ಮಗಳು ನನ್ನ ಸೆರಗಿನಂತೆ ನೇತಾಡುತ್ತಿದ್ದ ಶಾಲು ಹಿಡಿದು ಜಗ್ಗಿದಳು. ಇದೊಂದು ದಿನ ಎಂದುಕೊಂಡೆ. ಜಾಕೀಟಿನ ಮೇಲೆ ತೇಲುಕವಚ ಹಾಕಿ, ಅದರ ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿದೆ. ಅತ್ತೆ ಅದರ ಮೇಲೆ ಸೋರೆಬುರುಡೆಯನ್ನೂ ಕಟ್ಟಿದರು. “ಪ್ಲಾಸ್ಟಿಕ್ಕಿಗೆ ನಿಯತ್ತಿಲ್ಲ” ಎಂದರು. ದೋಣಿ ಮೆಟ್ಟಿಲು ಬಿಟ್ಟು ಎರಡು ಮಾರು ಹೋಗುವುದರೊಳಗೆ ಬಿಳುಪಿನಲ್ಲಿ ಕರಗಿತು. ದನಿ ಮಾತ್ರ ಉಳಿಯಿತು, *ಒಂದನೇ ತಿರುವು, ಬಾತುಗಳ ನಿದ್ದೆ ಕೆಡಿಸದೆ...* ಅದರ ಹಿಂದೆ ಅದೇ ಸಾಲನ್ನು ಹಿಡಿದು ಹೋಗುವ ಸಣ್ಣ ದನಿ.

ಗಂಜಿಗೆ ಇಟ್ಟೆ. ಕೂಸನ್ನು ಭುಜಕ್ಕೆ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತೆ. ತೂಬು ಆಗಲೇ ಎತ್ತಿದ್ದರು, ಆ ಉಸಿರಿನ ಸದ್ದು ಮಂಜಿನಲ್ಲಿ ಎಲ್ಲ ಕಡೆಯಿಂದಲೂ ಬರುವಂತಿತ್ತು. ಗಂಜಿ ಕುದಿ ಬಂತು. ಅತ್ತೆಯ ದನಿ ಏರಿಯಾಚೆಯಿಂದ ಎದ್ದಿತು. ಮೂರನೇ ಸಾಲು. ಕುಂಚ ತೊಳೆದ ನೀರು. ಗಂಜಿ ಇಳಿಸಲು ಒಳಗೆ ತಿರುಗಿದೆ.

ಅಷ್ಟರಲ್ಲಿ ನನ್ನ ಮಗಳ ದನಿ ಚಿಮ್ಮಿತು. “ಕೆಂಪೂ! ಅಜ್ಜೀ, ಕೆಂಪು! ಎಷ್ಟೊಂದು ಕೆಂಪು!”

ಎಷ್ಟೊಂದು? ನಾಲ್ಕನೇ ತಿರುವಿನಲ್ಲಿರುವುದು ಒಂದೇ ಮರ. ದನಿ ಬಂದದ್ದೂ ಮರವಿದ್ದ ಬಲಗಡೆಯಿಂದಲ್ಲ.

ಏರಿಯ ಮೇಲೆ ಹತ್ತಿದೆನೋ ಓಡಿದೆನೋ ನೆನಪಿಲ್ಲ. ಮೇಲೆ ನಿಂತು ನೋಡಿದಾಗ ಕೊಂಚ ತೆಳುವಾಗಿದ್ದ ಮಂಜಿನೊಳಗೆ ಎಡಗಾಲುವೆಯ ಉದ್ದಕ್ಕೂ ಕೆಂಪು ಲಾಟೀನುಗಳು ಸಾಲಾಗಿ ಉರಿಯುತ್ತಿದ್ದವು. ಸಂಜೆ ಕವಿಗಳ ಮೆರವಣಿಗೆಗೆಂದು ಪ್ರತಿಯೊಂದರ ಮೇಲೂ ಒಂದೊಂದು ಅಕ್ಷರ ಬರೆದು, ಹೊರಗಿನ ಹುಡುಗರು ನಿನ್ನೆ ಅವನ್ನು ಕಟ್ಟಿ, ಹಚ್ಚಿ ನೋಡಿ, ಆರಿಸದೆ ಹೋಗಿದ್ದರು. ತಮ್ಮ ದೋಣಿ ಒಳಗೆ ಹೋಗಲೆಂದು ಬಿದಿರಿನ ತಡಿಕೆಯನ್ನು ಬಿಚ್ಚಿ ದಡಕ್ಕೆ ಒರಗಿಸಿದ್ದರು. ಅದನ್ನು ಯಾರೂ ತಿರುಗಿ ಕಟ್ಟಿರಲಿಲ್ಲ. ಬಲಗಡೆಯ ಪರ್ಸಿಮನ್ ಮರ ಮಂಜಿನಲ್ಲಿ ಇತ್ತೋ ಇಲ್ಲವೋ ಎನ್ನುವಂತಿತ್ತು.

ಲಾಟೀನುಗಳ ನಡುವೆ ಒಂದು ಕಪ್ಪು ಆಕಾರ, ನಿಂತ ಒಬ್ಬರು, ಮುಂದೆ ಕೂತ ಒಂದು ಪುಟ್ಟ ಮುದ್ದೆ. ಅತ್ತೆ ಹುಟ್ಟು ಆಡಿಸುತ್ತಾ ನಿರಾಳವಾಗಿ ಐದನೇ ಸಾಲನ್ನು ಶುರು ಮಾಡಿದ್ದರು. ದೋಣಿ ಹುಟ್ಟಿಗಿಂತ ವೇಗವಾಗಿ ಹೋಗುತ್ತಿತ್ತು.

“ಅತ್ತೇ! ಎಡಗಾಲುವೆ ಅತ್ತೇ! ತಿರುಗಿಸೀ!”

ತೂಬಿನ ಸದ್ದು ನನ್ನ ಕೂಗನ್ನು ನುಂಗಿತು. ಯಾನ್‌ಯಾನ್ ಮಾತ್ರ ನನ್ನನ್ನು ನೋಡಿ ಖುಷಿಯಿಂದ ಕೈ ಬೀಸಿದಳು. ಏರಿಯ ಮೇಲೆ ಓಡಿದೆ. ಕೂಸು ಭುಜದ ಮೇಲೆ ಅಳುತ್ತಿತ್ತು. ಕಾಲು ಕೆಸರಿನಲ್ಲಿ ಹೂತು ಒಂದು ಚಪ್ಪಲಿ ಅಲ್ಲೇ ಉಳಿಯಿತು. ದೋಣಿಯ ಮೂತಿ ಆಗಲೇ ತೂಬಿನ ಕಡೆ ನೆಟ್ಟಗಾಗಿತ್ತು. ಓಡುತ್ತಲೇ ಫೋನು ತೆಗೆದು ಆ ನಂಬರನ್ನು ಒತ್ತಿದೆ.

“ಹೇಳಿ” ಎಂದಿತು ರುವಾನ್ ಅವರ ದನಿ. ಹಿಂದೆ ಉತ್ಸವದ ಧ್ವನಿವರ್ಧಕ ಸರಿಮಾಡುತ್ತಿದ್ದ ಗರಗರ.

“ನಾನು ವೆನ್‌ಯಿನ್, ಗುವಾನ್‌ಲಿನ್ ಮನೆಯವಳು. ತೂಬು ಇಳಿಸಿ! ಈಗಲೇ ಇಳಿಸಿ! ಗೆಂದಿ ಅತ್ತೆ ಎಡಗಾಲುವೆಗೆ ಬಂದಿದ್ದಾರೆ, ಮಗು ಇದೆ ದೋಣೀಲಿ!”

“ಯಾರು, ಗೆಂದಕ್ಕನಾ?” ಅವರು ನಕ್ಕರು. “ಏನಮ್ಮಾ ತಂಗೀ, ಬೆಳಿಗ್ಗೆ ಬೆಳಿಗ್ಗೆ. ಗೆಂದಕ್ಕ ದಾರಿ ತಪ್ಪೋದಾ? ಈ ಹೊಳೆ ಬೇಕಾದ್ರೆ ದಾರಿ ತಪ್ಪುತ್ತೆ. ಮಂಜಲ್ಲಿ ನೀವು ಬೇರೆ ಯಾರನ್ನೋ ನೋಡಿರ್ತೀರ. ತೂಬು ಸುಮ್‌ಸುಮ್ನೆ ಇಳಿಸೋಕಾಗಲ್ಲ ನೋಡಿ, ಹೊಂಡದವ್ರು ಜಗಳಕ್ಕೆ ಬರ್ತಾರೆ...”

“ಅವರಿಗೆ ಕಣ್ಣು ಕಾಣಲ್ಲ!” ಎಂದು ಚೀರಿದೆ. “ಗೆಂದಿ ಅತ್ತೆಗೆ ಕಣ್ಣು ಕಾಣಲ್ಲ ಸಾರ್! ಲಾಟೀನನ್ನ ಹಣ್ಣು ಅಂದ್ಕೊಂಡು ತಿರುಗಿದ್ದಾರೆ! ಇಳಿಸಿ!”

ಅವರು ಫೋನಿನಾಚೆಗೆ ತಿರುಗಿ ಯಾರಿಗೋ ಗಂಟಲು ಹರಿದುಹೋಗುವಂತೆ ಕೂಗಿದ್ದು ಕೇಳಿಸಿತು. ತೂಬಿನ ಮೇಲಿನ ಮೋಟಾರು ಗುರುಗುಟ್ಟಿತು. ಕಬ್ಬಿಣದ ಬಾಗಿಲು ನಡುಗುತ್ತಾ ಇಳಿಯತೊಡಗಿತು. ದೋಣಿ ಅದರತ್ತ ಜಾರುತ್ತಲೇ ಇತ್ತು. ನೀರಿನ ಆರ್ಭಟ ಕುಗ್ಗಿತು, ಗೊಣಗಾಯಿತು, ನಿಂತಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಆ ಮೌನದ ನಡುವೆ ನಾನಿನ್ನೂ ತೂಬಿನ ಸದ್ದಿಗೆ ಮೀರಿಸುವ ದನಿಯಲ್ಲೇ ಕೂಗುತ್ತಿದ್ದೆ. “ವಸಂತದಿಂದಲೂ ಕಾಣಲ್ಲ! ಮಗು ಹೇಳಿದ ಕಡೆ ತಿರುಗಿಸ್ತಾರೆ! ಏನೂ ಕಾಣಲ್ಲ ಅವರಿಗೆ!”

ಮಂಜಿನಲ್ಲಿ ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ದಿಬ್ಬ ದಿಬ್ಬಗಳಲ್ಲಿ ಬಾಗಿಲು ತೆರೆದ ಸದ್ದಾಯಿತು.

ದೋಣಿ ತೂಬಿಗೆ ಹತ್ತು ಮಾರು ದೂರದಲ್ಲಿ ಜೊಂಡಿಗೆ ಮೂತಿ ತಾಗಿಸಿ ನಿಂತಿತ್ತು. ಯಾನ್‌ಯಾನ್ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡುತ್ತಿದ್ದಳು. ಅತ್ತೆ ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದುಕೊಂಡು ನಿಂತಿದ್ದರು. ಐದನೇ ಸಾಲು ಅರ್ಧಕ್ಕೇ ನಿಂತಿತ್ತು. ಮುಖವನ್ನು ನನ್ನ ದನಿ ಬಂದ ಕಡೆಗೆ, ಅಲ್ಲ, ಸ್ವಲ್ಪ ಈಚೆಗೆ, ನಾನಿಲ್ಲದ ಕಡೆಗೆ ತಿರುಗಿಸಿದರು.

“ಹಲೋ?” ಎನ್ನುತ್ತಿದ್ದರು ರುವಾನ್ ನನ್ನ ಕಿವಿಯಲ್ಲಿ. “ಹಲೋ ತಂಗೀ, ಇದ್ದೀರಾ? ಗೆಂದಕ್ಕನಿಗೆ ಕಣ್ಣು ಕಾಣಲ್ಲ ಅಂದ್ರಾ? ಇನ್ನೊಂದ್ಸಲ ಹೇಳಿ, ನಾನು ಸರಿಯಾಗಿ ಕೇಳಿಸ್ಕೊಂಡ್ನಾ?”

ಅತ್ತೆಗೆ ಕೇಳಿಸದಂತೆ ಹೇಳುವ ದಾರಿ ಇರಲಿಲ್ಲ.

“ಹೌದು ಸಾರ್” ಎಂದೆ. “ಸರಿಯಾಗೇ ಕೇಳಿಸ್ಕೊಂಡ್ರಿ.”